ಅತ್ತೆಯ ಮಲ್ಲಿಗೆಗೆ ಕಡಲ ಸೊಪ್ಪು

ಎಂಬತ್ತರ ದಶಕದ ಮೊದಲಲ್ಲಿ ನಾವು ತರೀಕೆರೆಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ಹಿತ್ತಲಲ್ಲಿ ಅತ್ತೆಯ ದುಂಡುಮಲ್ಲಿಗೆ ಗಿಡವಿತ್ತು. ದೇವನೂರಿನ ತವರಿನಲ್ಲಿ ಅವರಮ್ಮ ಮುರಿದುಕೊಟ್ಟ ಕಡ್ಡಿಯನ್ನು ತಂದು ನೆಟ್ಟಿದ್ದು. ಅಮ್ಮ ಹೋದ ಮೇಲೆ ತವರಿನದು ಅಂತ ಅವರಿಗೆ ಉಳಿದಿದ್ದು ಅದೊಂದೇ. ಆ ವರ್ಷ ಎಲೆಯೆಲ್ಲ ಹಳದಿಯಾಗಿ ಉದುರತೊಡಗಿತು. ಸಗಣಿ ಗೊಬ್ಬರ, ಬೂದಿ, ಹುಳಿ ಮಜ್ಜಿಗೆ, ಯಾವುದಕ್ಕೂ ಜಗ್ಗಲಿಲ್ಲ. ಬೆಳಗಾದರೆ ಅತ್ತೆ ಗಿಡದ ಮುಂದೆ ಕೂತು ಉದುರಿದ ಎಲೆ ಆಯುತ್ತಿದ್ದರು. ನನ್ನಿಂದ ಅದನ್ನು ನೋಡಲಾಗುತ್ತಿರಲಿಲ್ಲ.

ಆಗ ನಾನು ಕಡೂರಿನ ಶಾಲೆಯೊಂದರಲ್ಲಿ ಟೀಚರು. ಅಲ್ಲಿನ ಗೊಬ್ಬರದ ಅಂಗಡಿಯಲ್ಲಿ ಕಷ್ಟ ಹೇಳಿಕೊಂಡಾಗ ಒಂದು ಬಾಟಲಿ ಕೊಟ್ಟರು. ಕಡಲ ಪಾಚಿಯಿಂದ ಮಾಡಿದ ಗೊಬ್ಬರ, ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಸಾಕು ಎಂದರು. ಮನೆಗೆ ತಂದು ತೆರೆದೆ ನೋಡಿ, ಸಂತೆಯ ಮೀನಿನ ಸಾಲೇ ಹಿತ್ತಲಿಗೆ ಬಂದ ಹಾಗಾಯಿತು.

ಅತ್ತೆ ಮೂಗಿಗೆ ಸೆರಗು ಹಿಡಿದರು. "ಮೀನು ಕಣೇ ಇದು! ಮೀನಿನ ನೀರು ಕುಡಿದ ಗಿಡದ ಹೂವ ದೇವ್ರಿಗೆ ಹೆಂಗೆ ಏರಿಸ್ಲಿ? ಒಣಗಿದ್ರೆ ಒಣಗ್ಲಿ ಬಿಡು."

ಪಾಚಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಪಾಚಿ ಬಚ್ಚಲ ಕಲ್ಲಿನ ಮೇಲೂ ಬೆಳೆಯುತ್ತೆ, ಅದಕ್ಕೆಲ್ಲಿದೆ ಈ ವಾಸನೆ ಅನ್ನುವುದು ಅವರ ವಾದ. ನನಗೋ ಮೂಗಿನ ತುದಿಯಲ್ಲೇ ಕೋಪ. "ಸಗಣಿಯೇನು ಗಂಧವಾ?" ಎಂದುಬಿಟ್ಟೆ. ಎರಡು ದಿನ ಮಾತಿಲ್ಲ ಕತೆಯಿಲ್ಲ.

ಮೂರನೆಯ ದಿನ ಪಕ್ಕದ ಮನೆಯಾಕೆ ಬೇಲಿಯ ಹತ್ತಿರ ಬಂದರು. ಅವರದು ಮನೆಯಲ್ಲಿ ದಖ್ಖನಿ ಮಾತಾಡುವ ಸಾಬರ ಕುಟುಂಬ. ನಮ್ಮ ಜಗಳವನ್ನು ಅಷ್ಟೂ ಕೇಳಿಸಿಕೊಂಡಿದ್ದರು. ಬಾಟಲಿ ಇಸಿದುಕೊಂಡು ಮೂಸಿ, ಜೋರಾಗಿ ನಕ್ಕರು.

"ಮೀನಲ್ಲ ಅಮ್ಮಾ, ಕಡಲಲ್ಲಿ ಬೆಳೆಯೋ ಸೊಪ್ಪು. ರಂಜಾನ್ ತಿಂಗಳಲ್ಲಿ ಹಾಲಿಗೆ ಹಾಕಿ ಕುದಿಸಿ ಗಟ್ಟಿ ಮಾಡ್ತೀವಲ್ಲ, ಚೈನಾ ಗ್ರಾಸು, ಅದೂ ಇದರ ಜಾತೀದೇ. ಹೋದ್ಸಲ ಕೊಟ್ಟಾಗ ನೀವು ಇನ್ನೊಂದು ತುಂಡು ಕೇಳಿದ್ರಲ್ಲ!"

ತಾವು ತಿಂದದ್ದೂ ಈ ಜಾತಿಯದೇ ಎಂದು ಗೊತ್ತಾಯಿತಲ್ಲ, ಇನ್ನು ಅವರ ಮನೆಯದೇನನ್ನೂ ಅತ್ತೆ ಮುಟ್ಟುವುದಿಲ್ಲ ಎಂದುಕೊಂಡೆ. ಅತ್ತೆ ಬಾಟಲಿ ತೆಗೆದುಕೊಂಡು ತಾವೂ ಒಮ್ಮೆ ಮೂಸಿದರು.

"ಚೆನ್ನಾಗಿತ್ತು ಕಣಮ್ಮಾ ಅದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಸೊಪ್ಪು ಅಂತ ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ? ತಾ ಬಕೆಟ್ಟು!" ಎಂದು ಗದರಿದರು.

ವಾರಕ್ಕೊಮ್ಮೆ, ಬಿಸಿಲೇರುವ ಮುಂಚೆ, ಬುಡಕ್ಕೊಂದಿಷ್ಟು ಎಲೆಗೊಂದಿಷ್ಟು ಹಾಕಿದೆವು. ಮೊದಮೊದಲು ಏನೂ ಕಾಣಲಿಲ್ಲ. ಎರಡು ತಿಂಗಳಿಗೆ ಹಸಿರು ಚಿಗುರು ಬಂತು, ಬೇಸಿಗೆಗೆ ಮೊಗ್ಗು.

ಮೊದಲ ದಿನ ಸಿಕ್ಕಿದ್ದು ಒಂದು ಬೊಗಸೆಯೂ ಇಲ್ಲ. ಅತ್ತೆ ಬಾಳೆನಾರಿನಲ್ಲಿ ಕಟ್ಟಿದರು. ನಾನು ದೇವರ ಮುಂದೆ ದೀಪ ಹಚ್ಚಿ ಕಾದೆ. ಅವರು ಬರಲೇ ಇಲ್ಲ. ಹಿತ್ತಲಿಗೆ ಹೋಗಿ ನೋಡಿದರೆ, ಬೇಲಿಯಾಚೆಗೆ ಕೈಚಾಚಿ ಪಕ್ಕದಾಕೆಗೆ ತಾವೇ ಹೂ ಮುಡಿಸುತ್ತಿದ್ದಾರೆ.

"ದೇವ್ರಿಗೆ?" ಎಂದೆ.

"ನಾಳೆ ಏರಿಸ್ತೀನಿ. ನಮ್ಮಮ್ಮನ ಗಿಡ ಉಳಿಸಿದೋಳು ಇವಳು ಕಣೇ."

ಬಾಟಲಿ ತಂದವಳು ನಾನು. ಆದರೂ ನನ್ನಂಥ ಸಿಡುಕಿಗೆ ಆ ಮಾತು ಕೇಳಿ ಕಣ್ಣು ತುಂಬಿತು. ಅವರಿಬ್ಬರಿಗೂ ನಾನು ಇವತ್ತಿಗೂ ಋಣಿ.