ವಿಳಾಸದ ಕಾಲಂನಲ್ಲಿ ನಾನು ಬರೆದದ್ದು

ಆ ತರಬೇತಿಗೆ ನಾನು ತೆತ್ತದ್ದು ಮೂರು ತಿಂಗಳ ದುಡಿಮೆ, ಜೊತೆಗೆ ನನ್ನ ಕಡೆಯ ಜನರಲ್ಲಿ ನನ್ನ ಮಾತಿಗಿದ್ದ ಬೆಲೆ. ದುಡಿಮೆಯನ್ನು ಆಮೇಲೆ ಹೇಗೋ ಸರಿದೂಗಿಸಿಕೊಂಡೆ. ಎರಡನೆಯದು ಹೋದದ್ದು, ಉಳಿಸಿಕೊಳ್ಳುವ ಶಕ್ತಿ ಇದೆಯೋ ಇಲ್ಲವೋ ನೋಡದೆ ಮಾತು ಕೊಟ್ಟಿದ್ದಕ್ಕೆ. ಕೊಡುವಾಗ ಒಳ್ಳೆಯ ವ್ಯಾಪಾರ ಕುದುರಿಸಿದೆ ಅಂತಲೇ ಅಂದುಕೊಂಡಿದ್ದೆ.

ನಾನು ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಮನೆಮನೆಗೆ ಹೋಗಿ ರಕ್ತ ತೆಗೆಯುತ್ತಿದ್ದವಳು. ಬೆಳಿಗ್ಗೆ ಆರಕ್ಕೆ ಸ್ಕೂಟಿ ಹತ್ತಿದರೆ ಹತ್ತರೊಳಗೆ ಹಿಮಾಯತ್‌ನಗರದ ಲ್ಯಾಬಿಗೆ ಟ್ಯೂಬುಗಳನ್ನು ಮುಟ್ಟಿಸಬೇಕು. ಲ್ಯಾಬಿನವರು ಕಡಿಮೆ ದರ ಹೇಳಿದರೆ ವಾದ ಮಾಡುತ್ತಿರಲಿಲ್ಲ, ಎದ್ದು ಬಾಗಿಲ ತನಕ ನಡೆಯುತ್ತಿದ್ದೆ. ಕರೆದೇ ಕರೆಯುತ್ತಿದ್ದರು. ನಲವತ್ತು ಹತ್ತಿರವಾಗಿ ಮೊಣಕಾಲು ಮೆಟ್ಟಿಲುಗಳನ್ನು ಎಣಿಸತೊಡಗಿದಾಗ ಅಮೀರ್‌ಪೇಟ್‌ನ ಒಂದು ಸಂಸ್ಥೆಯಲ್ಲಿ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾಕ್ಕೆ ಸೇರಿದೆ. ಕೊನೆಯ ಮೂರು ತಿಂಗಳು ಪ್ರಾದೇಶಿಕ ಆರೋಗ್ಯ ಕೇಂದ್ರವೊಂದರಲ್ಲಿ, ಸಾಂಕ್ರಾಮಿಕ ರೋಗಗಳ ಮೇಲೆ ನಿಗಾ ಇಡುವ ವಿಭಾಗದಲ್ಲಿ ತರಬೇತಿ. ಸೀಟು ಮುಗಿದಿವೆ ಅಂದರು. ನನಗೆ ತೆಲುಗು, ಉರ್ದು, ಕನ್ನಡ, ಮರಾಠಿ ನಾಲ್ಕೂ ಬರುತ್ತವೆ, ಒಂದು ಕುರ್ಚಿಯಲ್ಲಿ ನಾಲ್ಕು ಜನ ಕೂತ ಹಾಗೆ ಅಂದೆ. ಕುರ್ಚಿ ಸಿಕ್ಕಿತು.

ಕೆಲಸ ಹೇಳುವುದಕ್ಕೆ ಸುಲಭ. ಆಸ್ಪತ್ರೆಗಳಿಂದ ಪಟ್ಟಿಗಳು ಬರುತ್ತವೆ. ಒಬ್ಬ ರೋಗಿಗೆ ಒಂದು ಸಾಲು: ಹೆಸರು, ವಯಸ್ಸು, ಕಾಯಿಲೆ, ಫೋನ್, ವಿಳಾಸ. ಒಂದೇ ಜಾಗದಿಂದ ಒಂದೇ ಕಾಯಿಲೆ ಮೇಲಿಂದ ಮೇಲೆ ಬಂದರೆ ನಕ್ಷೆಯಲ್ಲಿ ಅಲ್ಲೊಂದು ಕೆಂಪು ಚುಕ್ಕೆ ಮೂಡುತ್ತದೆ. ಆಗ ತಂಡ ಹೋಗಿ ನೀರು, ಚರಂಡಿ, ಸೊಳ್ಳೆ ನೋಡುತ್ತದೆ.

ಎರಡನೆಯ ವಾರ ಕಾಮಾಲೆಯ ಸಾಲುಗಳನ್ನು ತುಂಬುತ್ತಿದ್ದೆ. ಯಾದಗಿರಿ ಕಡೆಯ ಹಳ್ಳಿ, ಕಲಬುರಗಿ ಕಡೆಯ ಹಳ್ಳಿ, ಮತ್ತೆ ಯಾದಗಿರಿ. ಕಂಪ್ಯೂಟರ್ ಅವನ್ನೆಲ್ಲ ‘ಹೊರರಾಜ್ಯ’ ಅಂತ ಪಕ್ಕಕ್ಕೆ ಸರಿಸುತ್ತಿತ್ತು. ನಮ್ಮ ನಕ್ಷೆಯಲ್ಲಿ ಚುಕ್ಕೆಯೇ ಇಲ್ಲ. ಆದರೆ ಅಷ್ಟೂ ಜನ ತೋರಿಸಿಕೊಂಡದ್ದು ಹೈದರಾಬಾದಿನ ಒಂದೇ ಆಸ್ಪತ್ರೆಯಲ್ಲಿ.

ಇದು ಅಲ್ಲಿ ಬೇರೆ ಯಾರಿಗೂ ಹೊಳೆಯುವಂಥದ್ದಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ಯಾವೂರು ಅಂತ ಕೇಳಿದರೆ, ಆ ಕಡೆಯಿಂದ ಇಲ್ಲಿಗೆ ಕೂಲಿಗೆ ಬಂದ ನಮ್ಮವರು ಮನೆದೇವರು ಇರುವ ಊರನ್ನು ಹೇಳುತ್ತಾರೆ. ಆರು ವರ್ಷ ತಗಡಿನ ಶೆಡ್ಡಿನಲ್ಲಿದ್ದರೂ ಶೆಡ್ಡು ಊರಾಗುವುದಿಲ್ಲ. ದಿಲ್‌ಸುಖ್‌ನಗರದಲ್ಲಿ ಮೂವತ್ತು ವರ್ಷ ಕಳೆದಿರುವ ನನ್ನ ತಾಯಿಯೂ ಹಾಗೇ ಹೇಳುತ್ತಾಳೆ.

ಪಟ್ಟಿಯಲ್ಲಿದ್ದ ನಂಬರುಗಳಿಗೆ ಫೋನ್ ಮಾಡಿದೆ. ಕೊನೆಗೆ ಒಂದನ್ನು ಎತ್ತಿದವಳು ಐವತ್ತರ ಆಸುಪಾಸಿನ ಹೆಂಗಸು, ಕಟ್ಟಡದ ಕೂಲಿಗಳ ಗುಂಪಿಗೆ ಅಡುಗೆ ಮಾಡುವವಳು. ಭಾನುವಾರ ಅವರಿದ್ದ ಸೈಟಿಗೆ ಹೋದೆ.

“ದೊಡ್ಡವ್ವಾ, ಕಣ್ಣು ಹಳದಿ ಆದವ್ರು ಎಷ್ಟ ಮಂದಿ ಅದಾರ ಇಲ್ಲಿ?”

“ಯಾಕ, ಅರಿಶಿಣ ಹಚ್ಚಿ ಮದಿವಿ ಮಾಡಾಕ ಬಂದಿಯೇನ?” ಅಂತ ನಕ್ಕಳು. ಮತ್ತೆ ರೊಟ್ಟಿ ಬಡಿಯುವುದಕ್ಕೆ ಶುರು ಮಾಡಿದಳು.

ಎರಡನೆಯ ಸಲ ಕೇಳಿದಾಗ ನಗಲಿಲ್ಲ. “ನೀ ಬರಕೊಂಡು ಹೋಗತಿ. ನಾಳಿ ಸೈಟ್ ಸಾಹೇಬ ಗಂಟು ಕಟ್ರಿ ಅಂತಾನ. ಹ್ವಾದ ವರ್ಷ ಜ್ವರ ಬಂದಾಗ ಹಂಗ ಆತು.”

ಅವಳ ಹಿಂದೆ ಸೊಸೆ ಕೂತು ಅಕ್ಕಿ ಆರಿಸುತ್ತಿದ್ದಳು. ಏಳು ತಿಂಗಳ ಬಸುರಿ. ನೀರಿನಿಂದ ಹರಡುವ ಕಾಮಾಲೆಯಲ್ಲಿ ಒಂದು ಬಗೆ ಬಸುರಿಯರ ಜೀವಕ್ಕೇ ಕುತ್ತು ಅಂತ ಹಿಂದಿನ ತಿಂಗಳಷ್ಟೇ ಓದಿದ್ದೆ. ಅವಳ ಕಣ್ಣು ನೋಡಿದೆ. ಇನ್ನೂ ಬೆಳ್ಳಗಿದ್ದವು. ನೆಲದಲ್ಲಿ ತೋಡಿದ ನೀರಿನ ತೊಟ್ಟಿಗೂ ಕಕ್ಕಸಿನ ಗುಂಡಿಗೂ ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ.

“ಹೆಸರು ನನ್ನ ಕೈಯಾಗ ಇರತಾವು, ಸೈಟ್ ಆಫೀಸಿಗೆ ಹೋಗೂದಿಲ್ಲ,” ಅಂದೆ. “ನೀವು ಹೇಳ್ರಿ. ನಾ ನೀರು ಸುದ್ದ ಮಾಡಸ್ತೀನಿ.”

“ಖರೇ?”

“ಖರೇ. ನಿಮ್ಮ ಸೊಸಿ ಮುಂದ ಹೇಳಾಕತ್ತೀನಿ.”

ನನ್ನ ಊರು ಕೇಳಿದಳು. ಅಪ್ಪನ ಊರು ಹೇಳಿದೆ. “ನಮ್ಮ ಕಡೀದಾಕಿನ ಆದಿ. ಬರಕೋ,” ಅಂತ ಒಂಬತ್ತು ಹೆಸರು ಹೇಳಿದಳು. ಪರೀಕ್ಷೆಗೆಂದು ತೊಟ್ಟಿಯಿಂದ ಒಂದು ಬಾಟಲಿ ನೀರು ತುಂಬಿಕೊಂಡೆ. ಸೊಸೆಗೆ ಕುದಿಸಿದ ನೀರನ್ನೇ ಕೊಡಿ ಅಂದದ್ದಕ್ಕೆ, “ಗ್ಯಾಸ್ ನಿಮ್ಮಪ್ಪ ತುಂಬಸ್ತಾನೇನ?” ಅಂದಳು. ಅನ್ನುತ್ತಲೇ ಒಲೆಯ ಮೇಲೆ ಪಾತ್ರೆ ಇಟ್ಟಳು.

ಸೋಮವಾರ ಆಸ್ಪತ್ರೆಯ ಪಟ್ಟಿಯಲ್ಲಿ ಆ ಹೆಸರುಗಳನ್ನು ಹುಡುಕಿ, ಒಂಬತ್ತು ಸಾಲುಗಳಲ್ಲೂ ಊರು ಅಳಿಸಿ ಸೈಟಿನ ವಿಳಾಸ ಹಾಕಿದೆ. ನಕ್ಷೆಯಲ್ಲಿ ಚುಕ್ಕೆ ಮೂಡಿತು. ವಿಭಾಗದ ಮುಖ್ಯಸ್ಥೆಯಾಗಿದ್ದ ಡಾಕ್ಟರಮ್ಮ ಎಲ್ಲರನ್ನೂ ಕರೆದು ತೋರಿಸಿದರು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಪಟ್ಟಿ ಹೊರಗೆ ಹೋಗುವ ಮುಂಚೆ ಹೆಸರು ತೆಗೆದುಬಿಡೋಣ ಮೇಡಂ ಅಂದೆ. ಅವರು ತೆಲುಗಿನಲ್ಲಿ, ಬೇಸರವಿಲ್ಲದೆಯೇ ಅಂದರು: “ಹೆಸರಿಲ್ಲದ ಪಟ್ಟಿಯನ್ನು ಯಾರು ನಂಬುತ್ತಾರಮ್ಮಾ? ನಾಳೆ ಬಿಲ್ಡರ್ ನಮ್ಮಲ್ಲಿ ಯಾರಿಗೂ ಕಾಯಿಲೆಯೇ ಇಲ್ಲ ಅಂದರೆ ಏನು ತೋರಿಸುತ್ತೀಯ?”

ಲ್ಯಾಬಿನಲ್ಲಾಗಿದ್ದರೆ ಎದ್ದು ಬಾಗಿಲ ತನಕ ನಡೆದಿರುತ್ತಿದ್ದೆ. ಇಲ್ಲಿ ಕೂತೇ ಇದ್ದೆ. ನನ್ನ ಸರ್ಟಿಫಿಕೇಟಿಗೆ ಅವರ ಸಹಿ ಬೇಕಿತ್ತು. ಬೇರೆ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಪಟ್ಟಿ, ಅದರ ಜೊತೆಗೇ ನೀರಿನ ಬಾಟಲಿ, ನೀರಿನ ಇಲಾಖೆಗೆ ಹೋದವು. ‘ಮುಂದಿನ ಕ್ರಮಕ್ಕಾಗಿ’ ಅಂತ ಪಟ್ಟಿಯ ಒಂದು ಪ್ರತಿ ಸೈಟ್ ಆಫೀಸಿಗೂ ಹೋಯಿತು. ನಾಲ್ಕನೆಯ ದಿನ ತಂಡದ ಜೊತೆ ನಾನೂ ಹೋದೆ. ಶೆಡ್ಡು ಖಾಲಿ. ಅಡುಗೆ ಮಾಡುತ್ತಿದ್ದ ಜಾಗದಲ್ಲಿ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದರು.

“ಸಬ್ ಗಾಂವ್ ಚಲೇ ಗಯೇ ಮೇಡಂ,” ಅಂದ ಸೈಟ್ ಸಾಹೇಬ. “ಅಬ್ ಇಧರ್ ಕೋಯಿ ಬೀಮಾರ್ ನೈ.” ಎಲ್ಲರೂ ಊರಿಗೆ ಹೋದರಂತೆ, ಈಗ ಇಲ್ಲಿ ಕಾಯಿಲೆಯವರು ಯಾರೂ ಇಲ್ಲವಂತೆ. ಅವನ ಮೇಜಿನ ಮೇಲೆ ನಾನೇ ಟೈಪ್ ಮಾಡಿದ ಪಟ್ಟಿ ಇತ್ತು. ಒಂದೊಂದು ಹೆಸರಿನ ಮುಂದೆಯೂ ಪೆನ್ನಿನ ಟಿಕ್ಕು. ಹೊರಗೆ ಬೇರೆ ರಾಜ್ಯದ ಹೊಸ ಗುಂಪು ಬಸ್ಸಿನಿಂದ ಚೀಲ ಇಳಿಸುತ್ತಿತ್ತು.

ನೀರಿನ ವರದಿ ಮರುವಾರ ಬಂತು: ಕುಡಿಯಲು ಯೋಗ್ಯವಲ್ಲ. ತೊಟ್ಟಿ ಒಡೆಸಿದರು, ನಲ್ಲಿ ಹಾಕಿಸಿದರು. ನಾನು ಕೊಟ್ಟ ಮಾತಿನ ಅರ್ಧ ಹೀಗೆ ಈಡೇರಿತು, ಯಾರಿಗೆ ಕೊಟ್ಟಿದ್ದೆನೋ ಅವರು ಹೋದ ಮೇಲೆ. ನಮ್ಮ ಕಡತದಲ್ಲಿ ‘ಹೊಸ ಪ್ರಕರಣಗಳಿಲ್ಲ, ಮುಕ್ತಾಯ’ ಅಂತ ಬರೆದು ಮುಚ್ಚಿದರು. ಅಂಥ ಮುಕ್ತಾಯಗಳಿಗೆ ಕೇಂದ್ರದಲ್ಲಿ ಒಳ್ಳೆಯ ಹೆಸರು.

ಹತ್ತು ದಿನ ಫೋನ್ ಮಾಡುವ ಧೈರ್ಯ ಬರಲಿಲ್ಲ. ಮಾಡಿದಾಗ ದೊಡ್ಡವ್ವನೇ ಎತ್ತಿದಳು.

“ಸೊಸಿ ಹ್ಯಾಂಗದಾಳ?”

“ಬಸ್ಸಿನಾಗ ವಾಂತಿ ಹತ್ತಿತು. ಊರು ಮುಟ್ಟೂದರಾಗ ಕಣ್ಣು ಹಳದಿ. ದವಾಖಾನ್ಯಾಗ ಕೂಸು ಹೋತು. ಅಕಿ ಉಳದಾಳ. ಮೇಡಂರೀ, ಇದನ್ನೂ ಬರಕೋತೀರೇನ? ಬರಕೋರಿ. ಊರು ಕೇಳಿದ್ರ ಈಗ ಖರೇನ ಇದ ಊರು.”

ಆಮೇಲೆ ಆ ನಂಬರಿನಿಂದ ಉತ್ತರ ಬಂದಿಲ್ಲ. ನನಗೆ ಸರ್ಟಿಫಿಕೇಟ್ ಬಂತು, ‘ಅತ್ಯುತ್ತಮ’ ಅಂತ. ಅದರ ಮೇಲೆಯೇ ಇವತ್ತಿನ ಗುತ್ತಿಗೆ ಕೆಲಸ ಸಿಕ್ಕಿದ್ದು. ಬೇಡ ಅನ್ನಲಿಲ್ಲ.

ನೀವು ಇಂಥ ತರಬೇತಿಗೆ ಹೋಗುವವರಾದರೆ ಕೇಳಿ. ಯಾವೂರು ಅಂತ ಕೇಳಬೇಡಿ. ಕಳೆದ ಒಂದೂವರೆ ತಿಂಗಳು ಎಲ್ಲಿ ಮಲಗಿದಿರಿ, ಎಲ್ಲಿಯ ನೀರು ಕುಡಿದಿರಿ ಅಂತ ಕೇಳಿ. ಸೇರಿದ ಮೊದಲ ದಿನವೇ, ಪಟ್ಟಿಯ ಪ್ರತಿಗಳು ಯಾರ ಯಾರ ಮೇಜಿಗೆ ಹೋಗುತ್ತವೆ ಅಂತ ವಿಚಾರಿಸಿ. ಅದು ಗೊತ್ತಾಗುವ ತನಕ ಯಾರಿಗೂ ಮಾತು ಕೊಡಬೇಡಿ. ಹೆಸರು ಬೇರೆ ಹಾಳೆಯಲ್ಲಿರಲಿ, ಹೊರಗೆ ಹೋಗುವ ಹಾಳೆಯಲ್ಲಿ ಕ್ರಮಸಂಖ್ಯೆ ಸಾಕು. ಸಾಧ್ಯವಾದಲ್ಲಿ ಜನರ ಪಟ್ಟಿಗಿಂತ ಮೊದಲು ನೀರಿನ ಬಾಟಲಿ ಕಳಿಸಿ. ನೀರು ಕೆಟ್ಟಿದೆ ಅಂತ ತೋರಿಸಲು ಯಾರ ಹೆಸರೂ ಬೇಕಾಗಿಲ್ಲ. ಬಾಟಲಿ ಕೈಯಲ್ಲಿದ್ದರೂ ಇದು ನನಗೆ ಆ ಭಾನುವಾರ ಹೊಳೆಯಲಿಲ್ಲ. ನೀವೇ ಕೂಲಿಗೆ ಬಂದವರಾದರೆ, ಆಸ್ಪತ್ರೆಯ ಕೌಂಟರಿನಲ್ಲಿ ಊರಿನ ಜೊತೆ ಈಗಿರುವ ಜಾಗವನ್ನೂ ಹೇಳಿ ಬರೆಸಿ. ಇನ್ನು, ಶೆಡ್ಡಿನಲ್ಲಿ ಒಬ್ಬರ ಕಣ್ಣು ಹಳದಿಯಾಗಿದ್ದು ಅಲ್ಲೊಬ್ಬ ಬಸುರಿ ಇದ್ದರೆ, ಅವಳಿಗೆ ಅಂದೇ ಬೇರೆ ಕಡೆಯ ನೀರು ಸಿಗುವ ಹಾಗೆ ಮಾಡಿ, ಡಾಕ್ಟರಿಗೆ ತೋರಿಸಿ. ಬರೆಯುವುದೆಲ್ಲ ಅದಾದ ಮೇಲೆ.