ನೀರುಗಾಡಿ ಆಬ್ನರನ ಕವಾಯತು

ಆಬ್ನರ್ ಟ್ವಿಚೆಲ್‌ಗೆ ಐವತ್ತೆರಡು ತುಂಬಿತ್ತು. ಅದನ್ನು ಅವನು ಒಪ್ಪಿಕೊಂಡಿರಲಿಲ್ಲ, ಅಷ್ಟೆ. ೧೮೬೧ರ ಬೇಸಿಗೆಯಲ್ಲಿ, ಅಮೆರಿಕದ ಅಂತರ್ಯುದ್ಧ ಶುರುವಾಗಿ ಒಹಾಯೋದ ಒಂದು ದನದ ಸಂತೆಯ ಮೈದಾನ ಸೈನಿಕ ಶಿಬಿರವಾದಾಗ ಮೂರು ಸಲ ಹೆಸರು ಬರೆಸಲು ಹೋದ. ಮೂರು ಸಲವೂ ಡಾಕ್ಟರು ಹಲ್ಲು ನೋಡಿ, ನಕ್ಕು ಕಳಿಸಿದರು. ಕೊನೆಗೆ ಬಕ್, ಬ್ರೈಟ್ ಎಂಬ ತನ್ನ ಜೋಡೆತ್ತು ಕಟ್ಟಿಕೊಂಡು ಶಿಬಿರಕ್ಕೆ ನೀರು ಹೊಡೆಯುವ ಕೆಲಸ ಹಿಡಿದ. ಕಣ್ಣು ಮಾತ್ರ ಸಿಪಾಯಿಗಳ ನೀಲಿ ಕೋಟಿನ ಮೇಲೆಯೇ.

ಅವನ ಊರಿನವರ ತುಕಡಿ ತಮ್ಮ ಶಾಲೆಯ ಮೇಷ್ಟ್ರು ಲೈಮನ್ ಹ್ಯಾಚ್‌ರನ್ನೇ ಓಟು ಹಾಕಿ ಕ್ಯಾಪ್ಟನ್ ಮಾಡಿಕೊಂಡಿತ್ತು. ಅವರಿಗೆ ವ್ಯಾಕರಣ ಗೊತ್ತಿತ್ತು, ಯುದ್ಧ ಗೊತ್ತಿರಲಿಲ್ಲ. ಸಿಪಾಯಿಗಳಿಗೋ ಎಡಬಲವೇ ಗೊತ್ತಿರಲಿಲ್ಲ. ಎಡಕ್ಕೆ ತಿರುಗಿ ಎಂದರೆ ಅರ್ಧ ಜನ ಉಳಿದರ್ಧದವರ ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತಿದ್ದರು. ಮೇಷ್ಟ್ರು ಗುರುತಿಗೆಂದು ಎಲ್ಲರ ಎಡಗಾಲಿಗೆ ಹಸಿರು ಮೇವು, ಬಲಗಾಲಿಗೆ ಗೋಧಿಹುಲ್ಲು ಕಟ್ಟಿಸಿದರು. ಊಟದ ಹೊತ್ತಿಗೆ ಬಕ್ ಎಡಗಾಲುಗಳನ್ನೆಲ್ಲ ಮೇಯ್ದು ಮುಗಿಸಿದ್ದ.

"ಶನಿವಾರ ಕರ್ನಲ್ ಸಾಹೇಬ್ರು ಕವಾಯತು ನೋಡಕ್ಕೆ ಬರ್ತಾರೆ ಆಬ್ನರಣ್ಣ. ಹಿಂಗೇ ಆದ್ರೆ ತುಕಡಿ ಒಡೆದು ನಮ್ಮೋರನ್ನ ದಿಕ್ಕಿಗೊಬ್ರಂತೆ ಹಂಚಿಬಿಡ್ತಾರೆ," ಎಂದು ಮೇಷ್ಟ್ರು ತಲೆಮೇಲೆ ಕೈಹೊತ್ತರು.

"ಇವ್ರೆಲ್ಲ ನೇಗಿಲು ಹಿಡಿದೋರು ಮೇಷ್ಟ್ರೇ. ಎತ್ತಿಗೆ ಹೇಳೋ ಹಂಗೆ ಹೇಳಿ. ಬಲಕ್ಕೆ ಜೀ, ಎಡಕ್ಕೆ ಹಾ. ನಾನು ಕಲಿಸ್ತೀನಿ. ನಂಗೊಂದು ಕೋಟು ಕೊಡ್ಸಿ, ಜೊತೇಲಿ ಕರ್ಕೊಂಡ್ಹೋಗಿ."

"ಕೋಟು ಕೊಡಿಸ್ತೀನಣ್ಣ. ಕರ್ಕೊಂಡ್ಹೋಗಕ್ಕೆ ಸಾಹೇಬ್ರು ಒಪ್ಬೇಕು."

ಶನಿವಾರ ಆಬ್ನರ್ "ಹಾ!" ಎಂದು ಕೂಗಿದ. ತೊಂಬತ್ತು ಜನ ಒಂದೇ ಸಲಕ್ಕೆ ಎಡಕ್ಕೆ ತಿರುಗಿದರು. ಮೈದಾನದಂಚಿನಲ್ಲಿ ನಿಂತಿದ್ದ ಬಕ್, ಬ್ರೈಟ್ ಕೂಡ ಗಾಡಿಯ ನೀರಿನ ಪೀಪಾಯಿ ಸಮೇತ ತಿರುಗಿ ಸಾಲಿನ ಹಿಂದೆ ಬಂದು ಸೇರಿದವು. "ಜೀ!" ಎಂದರೆ ಅವೂ ಜೀ.

"ಕೊನೇಲಿರೋ ಆ ಇಬ್ರು ಯಾರ್ರೀ? ಎಲ್ಲರಿಗಿಂತ ಚೆನ್ನಾಗಿ ತಿರುಗ್ತಾರೆ!" ಎಂದು ಕರ್ನಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ತುಕಡಿ ಉಳಿಯಿತು. ಆಬ್ನರನಿಗೆ ಕೋಟೂ ಸಿಕ್ಕಿತು, ಬಿಗಿಯಾಗಿ ಗುಂಡಿ ಮಾತ್ರ ಕೂಡುತ್ತಿರಲಿಲ್ಲ. ಆದರೆ ಜೊತೆಗೆ ಹೋಗುವ ಮಾತೆತ್ತಿದಾಗ ಕರ್ನಲ್ ಆಗದೆಂದು ತಲೆಯಾಡಿಸಿದರು. "ನಾಳೆ ಇನ್ನೂರು ಜನ ಹೊಸಬರು ಬರ್ತಾರಪ್ಪ. ಅವ್ರಿಗೆ ಎಡಬಲ ಹೇಳ್ಕೊಡೋರು ಬೇಡ್ವೇ?"

ತುಕಡಿ ಹೊರಟ ದಿನ ಶಿಬಿರದ ಬಾಗಿಲಲ್ಲಿ ರೈಲು ನಿಲ್ದಾಣಕ್ಕೆ ಎಡಕ್ಕೆ ತಿರುಗಬೇಕಿತ್ತು. "ನೀವೇ ಹೇಳಿ ಅಣ್ಣ," ಎಂದರು ಮೇಷ್ಟ್ರು. ಆಬ್ನರ್ ಕೋಟಿನ ಅಂಚು ಎಳೆದುಕೊಂಡ. ಕೆಮ್ಮಿ, "ಹಾ!" ಎಂದ.

ತೊಂಬತ್ತು ಜನ ತಿರುಗಿ ನಡೆದರು. ಎತ್ತುಗಳೂ ತಿರುಗಿ ಅವರ ಹಿಂದೆ ಹೊರಟವು. ಆಬ್ನರ್ ಓಡಿಹೋಗಿ ನೊಗ ಹಿಡಿದು ನಿಲ್ಲಿಸಿದ.

"ನಿಲ್ರೋ," ಎಂದ, "ಅದು ನಮಗೆ ಹೇಳಿದ್ದಲ್ಲ ಕಣ್ರೋ."