ನನ್ನ ಪುಸ್ತಕಕ್ಕೆ ನಾನೇ ಕರೆದೆ

ಬರೆಯುವವಳು ಬರೆದು ಸುಮ್ಮನಿರಬೇಕು, ಜನರನ್ನು ಕರೆಯುವುದು ಅವಳ ಕೆಲಸವಲ್ಲ ಎಂದು ನನಗೆ ಹೇಳಿದವರು ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು. ಪುಣೆಯಲ್ಲಿ ಇಂಥ ಬಳಗಗಳು ಹಲವು. ಇದು ಯಾವುದೆಂದು ಹೇಳುವುದಿಲ್ಲ. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ, ಕಷ್ಟಕಾಲದಲ್ಲಿ ಎಷ್ಟೋ ಮನೆಗಳಿಗೆ ಆದವರು ಅವರು. ಆದರೆ ಆ ಮಾತನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಹೊಸ ಶತಮಾನ ಹುಟ್ಟಿ ಆರೇಳು ವರ್ಷವಾಗಿತ್ತು. ನನ್ನ ಮೊದಲ ಪುಸ್ತಕ ಧಾರವಾಡದಲ್ಲಿ ಅಚ್ಚಾಗಿ, ನಾಲ್ಕು ರಟ್ಟಿನ ಡಬ್ಬಿಗಳಲ್ಲಿ ಪುಣೆಯ ಅಂಚಿನ ನಿಗಡಿಯ ನಮ್ಮ ಮನೆಗೆ ಬಂದಿಳಿದಿತ್ತು. ನಮ್ಮಜ್ಜಿಯ ಮಾತು, ಕಥೆ, ಬೈಗುಳಗಳನ್ನೆಲ್ಲ ಸೇರಿಸಿ ಬರೆದದ್ದು. ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ರೊಟ್ಟಿ ಬಡಿಯುವ ಮುಂಚೆ ಪರಾತದಲ್ಲಿ ಜೋಳದ ಹಿಟ್ಟು ಹರಡಿ, ಅದರಲ್ಲಿ ಬೆರಳಾಡಿಸಿ ಕನ್ನಡ ಅಕ್ಷರ ಕಲಿಸಿದವಳು ಅಜ್ಜಿ. ಹಾಗೆ ಕಲಿತವಳ ಹೆಸರು ಕರ್ನಾಟಕದಲ್ಲಿ ಯಾರಿಗೆ ಗೊತ್ತು? ಪ್ರಕಾಶಕರೂ ಫೋನಿನಲ್ಲಿ ನೇರವಾಗಿ ಹೇಳಿಬಿಟ್ಟಿದ್ದರು, ಅಚ್ಚು ಹಾಕುವುದು ನಮ್ಮದು, ಓದುವವರನ್ನು ಹುಡುಕುವುದು ನಿಮ್ಮದು ಎಂದು. ಹುಡುಕದಿದ್ದರೆ ಆ ಡಬ್ಬಿಗಳು ಮಂಚದ ಕೆಳಗೇ ಉಳಿಯುತ್ತಿದ್ದವು.

ಹೀಗಾಗಿ ಕಾರ್ಯದರ್ಶಿಗಳ ಬಳಿ ಹೋದೆ. ಚಹಾ ತರಿಸಿದರು, ಪುಸ್ತಕ ತಿರುವಿ ನೋಡಿದರು. ಸಂಘದ ಸಭಾಂಗಣ ಕೊಡಬಹುದು, ಆದರೆ ನವೆಂಬರಿನ ರಾಜ್ಯೋತ್ಸವದವರೆಗೆ ಕಾಯಬೇಕು ಎಂದರು. ಊರ ಕಡೆಯಿಂದ ದೊಡ್ಡ ಸಾಹಿತಿಯೊಬ್ಬರನ್ನು ಕರೆಸಬೇಕು. ಕಾರ್ಡಿನಲ್ಲಿ ಅವರ ಫೋಟೋ, ಸಂಘದ ಅಧ್ಯಕ್ಷರ ಫೋಟೋ, ಕೆಳಗೆಲ್ಲೋ ನನ್ನ ಹೆಸರು. ನಾವು ಮಾತಾಡುತ್ತಿದ್ದದ್ದು ಏಪ್ರಿಲ್ ತಿಂಗಳಲ್ಲಿ. ಮನೆಯಲ್ಲಿ ಅಜ್ಜಿಗೆ ಎಂಬತ್ತೇಳು. ಆ ಚಳಿಗಾಲದಲ್ಲಿ ಎರಡು ಸಲ ದವಾಖಾನೆ ಕಂಡು ಬಂದಿದ್ದಳು. ಅವಳು ಕುರ್ಚಿಯಲ್ಲಿ ಕೂತು ನೋಡುವ ಹಾಗಿರುವಾಗಲೇ ಪುಸ್ತಕ ನಾಲ್ಕು ಜನರ ಕೈ ಸೇರಬೇಕೆಂಬುದು ನನ್ನ ಹಟ. ಹಾಗಾದರೆ ನಾನೇ ಎಲ್ಲರನ್ನೂ ಕರೆದು ಮನೆಯ ಹತ್ತಿರವೇ ಮಾಡಿಕೊಳ್ಳುತ್ತೇನೆ ಎಂದೆ.

ಅವರು ಕನ್ನಡಕ ತೆಗೆದರು. "ನೋಡು ತಂಗಿ, ಲೇಖಕಿ ಅಂದಮ್ಯಾಲೆ ಒಂದು ಘನತಿ ಇರಬೇಕು. ನನ್ನ ಪುಸ್ತಕ ಓದ್ರಿ, ಬರ್ರಿ ಅಂತ ಮನಿ ಮನಿಗೆ ಹೋಗೋದು ಚಂದ ಕಾಣೂದಿಲ್ಲ."

ಈ ಮಾತು ಅಜ್ಜಿಯ ಕಿವಿಗೆ ಬಿದ್ದಿದ್ದರೆ ಅವರು ಕುಡಿಸಿದ ಚಹಾ ವಾಪಸು ಕೊಟ್ಟು ಬಾ ಅನ್ನುತ್ತಿದ್ದಳು. ಮನೆ ಮನೆಗೆ ಹೋಗಿ ಕರೆಯುವುದೇ ಅವಳ ಘನತೆಯಾಗಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಕಡೆಯವರ ಮನೆಗಳು ನಿಗಡಿಯಿಂದ ದೇಹೂ ರೋಡಿನವರೆಗೆ ಚದುರಿಕೊಂಡಿದ್ದವು. ಪೂಜೆಯಿರಲಿ, ಬಸುರಿಯ ಕುಬಸವಿರಲಿ, ಕರೆಯಲು ಹೊರಡುವವಳು ಅವಳೇ, ಕುಂಕುಮದ ಬಟ್ಟಲು ಹಿಡಿದು ಹಿಂದೆ ನಾನು. ಅಜ್ಜ ತೀರಿದ ಮೇಲೆ ಇವಳು ಕರೆಯಲು ಬರಬಾರದು ಎಂದು ಯಾರೋ ಗೊಣಗಿದರು. "ಕುಂಕುಮ ಹುಡುಗಿ ಹಚ್ಚತಾಳ. ಬಾಯಿ ನಂದು. ಬಾಯಿಗೇನಾಗೇದ?" ಎಂದು ಅವರ ಮನೆಯನ್ನೂ ಹೊಕ್ಕು ಕರೆದೇ ಬಂದಳು.

ಅವಳು ಬಾಗಿಲಲ್ಲಿ ನಿಂತು ಕರೆದದ್ದನ್ನು ನಾನು ಕಂಡಿಲ್ಲ. ಒಳಗೆ ಹೋಗಿ ಕೂರಬೇಕು; ಮೊದಲು ಆ ಮನೆಯ ಸುದ್ದಿ, ಸೊಸೆಯ ಬೆನ್ನುನೋವು, ಮಗನ ಪಾಳಿ, ಎಲ್ಲ ಆದ ಮೇಲೆ ನಮ್ಮ ಮನೆಯ ಮಾತು. ಮೆಟ್ಟಿಲು ಇಳಿಯುವಾಗ ಇನ್ನೊಮ್ಮೆ "ಮರೀಬ್ಯಾಡ್ರಿ". ಬೀಗ ಹಾಕಿದ ಮನೆಯಾದರೆ ಬಾಗಿಲ ಚೌಕಟ್ಟಿಗೆ ಕುಂಕುಮ ಹಚ್ಚಿ, ಹೊಸ್ತಿಲಲ್ಲಿ ನಾಲ್ಕು ಅಕ್ಷತೆ ಕಾಳು ಇಟ್ಟು ಬರಬೇಕು. ಬಂದವರಿಗೆ ಯಾರೋ ಕರೆದು ಹೋಗಿದ್ದಾರೆಂದು ತಿಳಿಯುತ್ತದೆ. ಮತ್ತೆ, ಸಾಲುಮನೆಗಳ ಒಂದು ಚಾಳಿನಲ್ಲಿ ಒಬ್ಬರನ್ನು ಕರೆದರೆ ಅಲ್ಲಿಯ ಎಲ್ಲರನ್ನೂ ಕರೆಯಬೇಕು, ಮಾತು ಬಿಟ್ಟವರನ್ನು ಮೊದಲು.

ಆ ದಿನಗಳಲ್ಲಿ ಎಲ್ಲರೂ ಸೇರುವ ಒಂದು ತಾಣ ಇಂಟರ್ನೆಟ್ಟಿನಲ್ಲಿತ್ತು. ಪ್ರತಿಯೊಬ್ಬರಿಗೂ ಅಲ್ಲಿ ಒಂದು ಪುಟ. ಯಾರು ಬೇಕಾದರೂ ಬಂದು ನಾಲ್ಕು ಸಾಲು ಗೀಚಿ ಹೋಗಬಹುದು, ಅದನ್ನು ಎಲ್ಲರೂ ಓದಬಹುದು. ಪುಣೆಯ ಕನ್ನಡಿಗರ ಗುಂಪೂ ಒಂದಿತ್ತು. ಅದರ ಉಸ್ತುವಾರಿ ನಮ್ಮ ಕಾರ್ಯದರ್ಶಿಗಳದೇ. ಆಫೀಸಿನಿಂದ ಬರುವಾಗ ಬಸ್ ಸ್ಟಾಪಿನ ಪಕ್ಕದ ಸೈಬರ್ ಕೆಫೆಗೆ ಹೋಗಿ ಕೂತೆ. ಕನ್ನಡ ಅಕ್ಷರಗಳು ಅಲ್ಲಿಯ ಕಂಪ್ಯೂಟರಿನಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತಿದ್ದವು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದೆ: ಪುಸ್ತಕ ಬಂದಿದೆ, ಇಂಥ ಭಾನುವಾರ ಬೆಳಗ್ಗೆ ಹತ್ತಕ್ಕೆ, ನಿಗಡಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ, ಸರ್ವರಿಗೂ ಆದರದ ಸ್ವಾಗತ.

ಮೂರು ದಿನ ಕಳೆದರೂ ಬಂದ ಉತ್ತರ ಎರಡೇ, ಎರಡೂ ಅಭಿನಂದನೆ. ಬರುತ್ತೇನೆಂದವರು ಒಬ್ಬರೂ ಇಲ್ಲ. ಯಾಕೆ ಬರುತ್ತಾರೆ? ಸರ್ವರಿಗೂ ಎಂದರೆ ಯಾರಿಗೂ ಅಲ್ಲ. ಅಜ್ಜಿ ಎಂದಾದರೂ ಚಾಳಿನ ಗೋಡೆಗೆ ಚೀಟಿ ಅಂಟಿಸಿ ಬಂದಿದ್ದಳೇ?

ಮರುದಿನ ಗುಂಪಿನ ಹೆಸರುಗಳನ್ನೆಲ್ಲ ನೋಟುಬುಕ್ಕಿನಲ್ಲಿ ಪಟ್ಟಿ ಮಾಡಿಕೊಂಡು ಒಂದೊಂದಾಗಿ ಹಿಡಿದೆ. ಸಂಜೆಗೆ ಹತ್ತು ಮನೆ, ಅಂದರೆ ಹತ್ತು ಪುಟ. ಮೊದಲು ಅವರ ಪುಟವನ್ನು ಪೂರ್ತಿ ಓದುವುದು, ಆಮೇಲೆ ಬರೆಯುವುದು. ಹಿಂಜವಾಡಿಯ ಕಂಪನಿಯೊಂದರಲ್ಲಿದ್ದ ಬೆಂಗಳೂರಿನ ಹುಡುಗಿ, ಮೆಸ್ಸಿನ ಸಾರು ಸಕ್ಕರೆ ಪಾಕದಂತಿದೆ ಎಂದು ಗೆಳತಿಗೆ ದೂರಿದ್ದಳು. ಅವಳಿಗೆ ನನ್ನ ಪುಸ್ತಕದಿಂದ ಅಜ್ಜಿ ಮರಾಠಿ ನೆರೆಯವರ ಆಮಟಿ ಸಾರಿನ ಬೆಲ್ಲ ಕಂಡು ಹೌಹಾರಿದ ಐದು ಸಾಲು ಕಳಿಸಿದೆ. ದೇಹೂ ರೋಡಿನ ಡಿಪೋದಲ್ಲಿ ಗುಮಾಸ್ತರಾಗಿ ನಿವೃತ್ತರಾದ ಒಬ್ಬರ ಪುಟದಲ್ಲಿ ಮುಖದ ಬದಲು ಸೈಕಲ್ಲಿನ ಫೋಟೋ ಇತ್ತು. ಅವರಿಗೆ ನಮ್ಮಜ್ಜನ ಸೈಕಲ್ಲಿನ ಸಂಗತಿ ಬರೆದೆ. ಕೊನೆಗೆ ಒಂದೇ ಸಾಲು, ಬರ್ರಿ, ಅಜ್ಜಿನೂ ಇರ್ತಾಳ. ಅಪರಿಚಿತರಿಗೆ ಪುಟ ಮುಚ್ಚಿಕೊಂಡವರಿಗೆ ಗೆಳೆತನದ ಕೋರಿಕೆಯ ಜೊತೆ ಹೆಸರು ಬರೆದು ಬಂದೆ. ಕೆಫೆಯ ಮಾಲಿಕ, ತಾಯಿ, ಇಷ್ಟೊಂದು ಯಾರಿಗೆ ಬರೆಯುತ್ತೀರಿ ಎಂದು ಮರಾಠಿಯಲ್ಲಿ ಕೇಳಿದ. ನೆಂಟರಿಗೆ ಎಂದೆ. ಇಷ್ಟು ನೆಂಟರೇ ಎಂದು ನಕ್ಕ.

ತಾಣಕ್ಕೆ ನನ್ನ ಮೇಲೆ ಅನುಮಾನ ಬಂತು. ಪ್ರತಿ ಸಲ ಸೊಟ್ಟ ಸೊಟ್ಟ ಅಕ್ಷರ ತೋರಿಸಿ, ನೀನು ಮನುಷ್ಯಳೆಂದು ಸಾಬೀತು ಮಾಡು ಎನ್ನತೊಡಗಿತು. ಮಾಡಿದೆ. ಗುಂಪಿನಲ್ಲಿಯೂ ಕೆಲವರು ಈ ಆಂಟಿ ಯಾರು, ಎಲ್ಲರ ಪುಟದಲ್ಲೂ ಇದ್ದಾಳಲ್ಲ ಎಂದು ಆಡಿಕೊಂಡರು. ಯಾರನ್ನೂ ಬಿಡುವ ಹಾಗಿಲ್ಲವಾದ್ದರಿಂದ ಕಾರ್ಯದರ್ಶಿಗಳ ಪುಟಕ್ಕೂ ಹೋಗಿ, ಮಂಡಿನೋವು ಹೇಗಿದೆ ಎಂದು ಕೇಳಿ, ಕರೆದು ಬಂದೆ. ಅವರು ನನ್ನನ್ನು ಗುಂಪಿನಿಂದ ತೆಗೆದುಹಾಕಿದರು. ತೆಗೆದದ್ದಷ್ಟೇ ಅಲ್ಲ, ನನ್ನ ಪುಟಕ್ಕೆ ಬಂದು ಎಲ್ಲರಿಗೂ ಕಾಣುವಂತೆ ಬರೆದರು: "ಸಾಹಿತ್ಯ ಅಂದ್ರ ಉಪ್ಪಿನಕಾಯಿ ಮಾರಾಟ ಅಲ್ಲ ತಂಗಿ."

ಅಳು ಬಂದದ್ದು ನಿಜ. ಕೆಫೆಯ ಮಾಲಿಕ ನೀರು ತಂದಿಟ್ಟ. ಆಮೇಲೆ ಅವರ ಪುಟಕ್ಕೆ ಹೋಗಿ ಬರೆದೆ: "ಕಾಕಾ, ಉಪ್ಪಿನಕಾಯಿ ಹಾಕಿದಾಕಿ ನಾಕು ಮನಿಗೆ ರುಚಿ ನೋಡ್ರಿ ಅಂತ ಕೊಟ್ಟು ಬರ್ತಾಳ. ಅದಕ್ಕ ಯಾರೂ ಅಕಿ ಘನತಿ ಹೋತು ಅನ್ನೂದಿಲ್ಲ. ನಾನೂ ಅಷ್ಟೇ ಮಾಡೀನಿ, ಇನ್ನೂ ಮಾಡ್ತೀನಿ. ಭಾನುವಾರ ನೀವೂ ಬರ್ರಿ."

ಜಗಳದ ಸುದ್ದಿಗೆ ಕಾಲು ಬೇಗ. ಎರಡೇ ದಿನದಲ್ಲಿ ನಾನು ಕಂಡರಿಯದವರೆಲ್ಲ ನನ್ನ ಪುಟಕ್ಕೆ ಬಂದು ಇಣುಕಿದರು. ಉಪ್ಪಿನಕಾಯಿ ಅಕ್ಕಾರ, ಎಷ್ಟು ಗಂಟೆಗೆ ಎಂದು ಕೇಳಿದರು. ಪಟ್ಟಿ ಮುಗಿಯುವವರೆಗೆ ನಾನು ಬರೆಯುವುದನ್ನು ನಿಲ್ಲಿಸಲಿಲ್ಲ.

ಭಾನುವಾರ ಬಂತು. ಸೊಸೈಟಿಯ ಸಭಾಗೃಹವೆಂದರೆ ವಾಚ್‌ಮನ್ನನ ಕೋಣೆಯ ಪಕ್ಕದ ಉದ್ದನೆಯ ಶೆಡ್ಡು. ನಮ್ಮ ಮನೆಯವರು ಕುರ್ಚಿ ಹಾಕಿದರು. ಮೇಲಿನ ಮನೆಯ ಮರಾಠಿ ಕಾಕು ಬುಟ್ಟಿ ತುಂಬ ಚುರುಮುರಿ ಸುಸಲಾ ಮಾಡಿಕೊಟ್ಟರು. ಹತ್ತೂವರೆಗೆ ಅಲ್ಲಿದ್ದವರು ನಾವು ಮೂವರು ಮತ್ತು ಅಜ್ಜಿ. ನಾನು ನಾಲ್ಕನೆಯ ಸಲ ಗೇಟಿನವರೆಗೆ ಹೋಗಿ ಬಂದಾಗ ಅಜ್ಜಿ ಗದರಿದಳು. "ಕುಂದರು. ಕಾಯೋದು ಕಾಣಬಾರದು. ಎಲ್ಲಾರಿಗೂ ಹೋಗಿ ಕರದೀ ಇಲ್ಲೋ?" ಕರೆದಿದ್ದೇನೆ ಎಂದೆ. "ಹಂಗಾರ ಬರ್ತಾರ. ಬರಲಿಲ್ಲಂದ್ರ ಅದು ಅವರ ತಪ್ಪು, ನಿಂದಲ್ಲ."

ಮೊದಲು ಬಂದವರು ದೇಹೂ ರೋಡಿನ ಹಿರಿಯರು, ಸೈಕಲ್ ಮೇಲೆಯೇ. ಹನ್ನೊಂದಕ್ಕೆ ಎರಡು ಆಟೋ ನಿಂತವು. ಹಿಂಜವಾಡಿಯ ಹುಡುಗಿ ತನ್ನ ರೂಮಿನವರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ಖಂಡಿತ ಬರುತ್ತೇನೆಂದು ಬರೆದ ಎಷ್ಟೋ ಜನ ಬರಲೇ ಇಲ್ಲ. ಉತ್ತರವನ್ನೇ ಕೊಡದವರು ಮಕ್ಕಳನ್ನು ಎತ್ತಿಕೊಂಡು ಬಂದರು. ಹಾಕಿದ ಕುರ್ಚಿಗಳು ತುಂಬಿ ಆರು ಜನ ಗೋಡೆಗೆ ಒರಗಿ ನಿಂತರು. ಭಾಷಣ ಯಾರೂ ಮಾಡಲಿಲ್ಲ. ನಾನು ಓದಿದೆ, ಓದಿದ್ದು ತಪ್ಪೆನಿಸಿದಲ್ಲಿ ಅಜ್ಜಿ ತಿದ್ದಿದಳು.

ಹಿಂಜವಾಡಿಯ ಹುಡುಗಿ ಅವಳ ಮುಂದೆ ಕೂತು, "ಅಜ್ಜಿ, ಬುಕ್ಕಲ್ಲಿರೋದೆಲ್ಲಾ ನೀವೇನಾ?" ಎಂದು ಕೇಳಿದಳು.

"ನಾನ ಖರೆ. ಆದ್ರ ಇಕಿ ಅರ್ಧ ಸುಳ್ಳು ಬರದಾಳ. ನಾ ಅಷ್ಟು ಶಾಣ್ಯಾಕಿ ಅಲ್ಲ," ಎಂದಳು ಅಜ್ಜಿ. ಹೇಳುವಾಗ ಪುಸ್ತಕವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಕಾರ್ಯದರ್ಶಿಗಳು ಬರಲಿಲ್ಲ. ಮಂಗಳವಾರ ಫೋನ್ ಮಾಡಿದರು. ಧ್ವನಿ ಮೆತ್ತಗಿತ್ತು. ಜನ ಬಂದ ಸುದ್ದಿ ಕೇಳಿದೆ, ಸಂಘದಿಂದ ಸನ್ಮಾನ ಮಾಡೋಣ, ಗುಂಪಿಗೂ ನಿನ್ನನ್ನು ಮರಳಿ ಸೇರಿಸುತ್ತೇನೆ ಎಂದರು. ಒಂದೇ ಮಾತು, ಇನ್ನು ಮುಂದೆ ಏನು ಬರೆಯುವುದಿದ್ದರೂ ಮೊದಲು ತಮಗೆ ಕಳಿಸಬೇಕು, ತಾವು ನೋಡಿ ಹಾಕುತ್ತಾರೆ.

"ಶಾಲು ಬ್ಯಾಡ್ರಿ ಕಾಕಾ," ಎಂದೆ. "ನಾ ಕರೆಯೋರನ್ನ ನಾನ ಕರೀತೀನಿ."

ಸಂಘದ ಸಭಾಂಗಣ ನನಗೆ ಆಮೇಲೆ ಎಂದೂ ಸಿಗಲಿಲ್ಲ. ಅವರ ಪತ್ರಿಕೆಯಲ್ಲಿ ನನ್ನ ಮುಂದಿನ ಪುಸ್ತಕಗಳ ಬಗ್ಗೆ ಒಂದು ಸಾಲೂ ಬರಲಿಲ್ಲ. ಸಿಗದೆ ನಷ್ಟವಾಗಲಿಲ್ಲ ಎಂದು ಸುಳ್ಳು ಹೇಳಲಾರೆ, ಆಯಿತು. ಆದರೂ ಆ ಮಂಗಳವಾರ ಸಂಜೆಯೇ ಕೆಫೆಗೆ ಹೋಗಿ, ಭಾನುವಾರ ಬಂದವರಿಗೆಲ್ಲ ಒಬ್ಬೊಬ್ಬರಾಗಿ ಬರೆದೆ, ಬರದವರಿಗೂ ಬರೆದೆ. ಆಮೇಲೆ ನನ್ನದೇ ಒಂದು ಗುಂಪು ತೆರೆದೆ. ನಿಯಮಗಳೇನು ಎಂದು ತಾಣ ಕೇಳಿತು, ತುಂಬಲು ಉದ್ದನೆಯ ಖಾಲಿ ಜಾಗ ಕೊಟ್ಟಿತು. ಪುಸ್ತಕ ಬರೆದವರು ಇಲ್ಲಿ ತಾವೇ ಬಂದು ಕರೆಯಬಹುದು, ಯಾರ ಅಪ್ಪಣೆಯೂ ಬೇಡ ಎಂದು ಬರೆದೆ. ಉಳಿದ ಜಾಗವನ್ನು ಹಾಗೇ ಬಿಟ್ಟೆ.